ಅಪ್‌ಡೇಟ್: ಜರ್ಮನಿಯಲ್ಲಿ ಊರಿನ ಸಿಮ್‌ಗೆ ಒಟಿಪಿ ಈಗ ಬರ್ತಿದೆ

ಡೇಟಾಗೆ ಜರ್ಮನಿಯ ಇ-ಸಿಮ್ (ಫೋನಿನೊಳಗೇ ಇರುವ ಡಿಜಿಟಲ್ ಸಿಮ್) ಹಾಕಿದ ಮೇಲೆ ಊರಿನ ನಂಬರಿಗೆ ಬ್ಯಾಂಕ್ ಒಟಿಪಿ ಬರ್ತಿಲ್ಲ ಅಂತ ಕೇಳಿದ್ದೆ. ಸರಿಹೋಯ್ತು, ಉತ್ತರಿಸಿದವರಿಗೆಲ್ಲ ಥ್ಯಾಂಕ್ಸ್.

ಕಾರಣ ಸರಳ: ಊರಿನ ಸಿಮ್‌ನಲ್ಲಿ ಇಂಟರ್‌ನ್ಯಾಷನಲ್ ರೋಮಿಂಗ್ ಚಾಲೂ ಇರಲಿಲ್ಲ, ಸಿಗ್ನಲ್ ಜಾಗದಲ್ಲಿ ‘ನೋ ಸರ್ವೀಸ್’ ಅಂತಿತ್ತು. ವೈಫೈನಲ್ಲಿ ಆಪರೇಟರ್ ಆ್ಯಪ್ ತೆರೆದು ಚಾಲೂ ಮಾಡಿ, ಫೋನ್ ರೀಸ್ಟಾರ್ಟ್ ಮಾಡಿದರೆ ಸಾಕು. ಆಗಲೂ ಹಿಡಿಯದಿದ್ದರೆ ನೆಟ್‌ವರ್ಕ್ ಆಯ್ಕೆಯಲ್ಲಿ ‘ಆಟೋಮ್ಯಾಟಿಕ್’ ತೆಗೆದು ಪಟ್ಟಿಯಲ್ಲಿರುವುದನ್ನು ಒಂದೊಂದಾಗಿ ಒತ್ತಿ ನೋಡಿ. ಆ್ಯಪ್‌ನಿಂದ ಲಾಗ್‌ಔಟ್ ಆಗಿದ್ದರೆ ಮಾತ್ರ ಫಜೀತಿ, ಒಳಗೆ ಹೋಗೋಕೂ ಒಟಿಪಿ ಬೇಕು! ಹಾಗಾಗಿ ವಿಮಾನ ಹತ್ತುವ ಮುಂಚೆಯೇ ಚಾಲೂ ಮಾಡಿಸಿ.

ಊರಿನ ಸಿಮ್‌ನ ‘ಡೇಟಾ ರೋಮಿಂಗ್’ ಆಫ್ ಇರಲಿ, ಎಸ್ಸೆಮ್ಮೆಸ್ಸಿಗೆ ಡೇಟಾ ಬೇಡ. ಐಫೋನ್‌ನಲ್ಲಿ ‘ಅಲೋ ಸೆಲ್ಯುಲರ್ ಡೇಟಾ ಸ್ವಿಚಿಂಗ್’ (ಡೇಟಾಗೆ ಫೋನ್ ತಾನೇ ಒಂದು ಸಿಮ್‌ನಿಂದ ಇನ್ನೊಂದಕ್ಕೆ ಬದಲಾಗುವುದು) ಕೂಡ ಆಫ್ ಮಾಡಿ. ಬರುವ ಎಸ್ಸೆಮ್ಮೆಸ್ ಸಾಮಾನ್ಯವಾಗಿ ಉಚಿತ, ಆದರೆ ಕರೆ ಎತ್ತಿದರೆ ದುಡ್ಡು.

ಯುಪಿಐ ಆ್ಯಪನ್ನು ಅಳಿಸಿ ಮತ್ತೆ ಹಾಕಲು ಹೋಗಬೇಡಿ. ನೋಂದಣಿಗೆ ಆ ಸಿಮ್‌ನಿಂದಲೇ ಎಸ್ಸೆಮ್ಮೆಸ್ ಹೊರಗೆ ಹೋಗಬೇಕು. ರೋಮಿಂಗ್‌ನಲ್ಲಿ ಅದು ಸಿಕ್ಕಿಕೊಳ್ಳೋದೇ ಹೆಚ್ಚು.

ಜಿಮೇಲ್‌ಗೆ ಒಟಿಪಿ ನೆಚ್ಚಿಕೊಳ್ಳೋದು ಬಿಟ್ಟು, ಲಾಗಿನ್ ಕೋಡನ್ನು ಫೋನಿನಲ್ಲೇ ತಯಾರಿಸುವ ಅಥೆಂಟಿಕೇಟರ್ ಆ್ಯಪ್ ಬಳಸ್ತಿದ್ದೇನೆ. ಅದಕ್ಕೆ ನೆಟ್ ಬೇಡ, ಫೋನಿನ ಗಡಿಯಾರ ಸರಿಯಿದ್ದರಾಯ್ತು. ಜೊತೆಗೆ, ಫೋನ್ ಕೈಯಲ್ಲಿಲ್ಲದಾಗ ಲಾಗಿನ್ ಆಗಲು ಗೂಗಲ್ ಕೊಡುವ 8 ಅಂಕಿಯ 10 ಬ್ಯಾಕಪ್ ಕೋಡ್ ಕಾಗದದಲ್ಲಿ ಬರೆದು, ಫೋನಿನಿಂದ ಬೇರೆ ಇಟ್ಟಿದ್ದೇನೆ.