‘ಹಸಿ ಮೀನು’ ಅಂದರೆ ಯಾವ ಮೀನು? ಜೊತೆಗೆ, ಲಿವರ್ ಫ್ಲೂಕ್‌ಗೆ ಕನ್ನಡದ ಹೆಸರು

ಗೆಳೆಯರೇ,

ಅಕ್ಕನ ಮಗನಿಗೆ ಥಾಯ್ಲೆಂಡ್‌ನ ಖೋನ್ ಕೇನ್‌ನಲ್ಲಿ ಕೆಲಸ ಸಿಕ್ಕಿದೆ. ಆ ಕಡೆ ಹೊಳೆ, ಕೆರೆಯ ಮೀನನ್ನು ಬೇಯಿಸದೆ ತಿನ್ನುವ ರೂಢಿ ಹಿಂದಿನಿಂದಲೂ ಇದೆ. ಅದರಿಂದ ಲಿವರ್ ಫ್ಲೂಕ್ ಎಂಬ ಹುಳು ಮೈಯೊಳಗೆ ಸೇರುತ್ತದೆ. ಇದನ್ನೆಲ್ಲ ಒಂದು ಪುಟದಲ್ಲಿ ಕನ್ನಡದಲ್ಲಿ ಬರೆದುಕೊಟ್ಟೆ. ‘ಅಲ್ಲಿ ಹಸಿ ಮೀನು ತಿನ್ನಬೇಡ’ ಎಂಬುದು ಮೊದಲ ಸಾಲು. ಮಲ್ಪೆಯಲ್ಲಿರುವ ಅಕ್ಕ ಓದಿ ಕೇಳಿದಳು: ‘ಹಾಗಾದ್ರೆ ಒಣಮೀನು ಕಟ್ಟಿ ಕಳಿಸಬೇಕಾ?’

ಅವಳು ಕೇಳಿದ್ದು ಸರಿಯೇ. ನಮ್ಮಲ್ಲಿ ಹಸಿ ಮೀನು ಅಂದರೆ ಆಗ ತಾನೇ ದೋಣಿಯಿಂದ ಇಳಿದ ಮೀನು, ಒಣಮೀನು ಅಲ್ಲದ್ದು. ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆಗೆ ನಿಷೇಧ, ಯಂತ್ರದ ಬೋಟುಗಳು ಕಡಲಿಗೆ ಇಳಿಯುವುದಿಲ್ಲ. ಆಗ ಮನೆಮನೆಯಲ್ಲಿ ಒಣಮೀನು, ತುಳುವಿನ ನುಂಗೆಲ್. ಹಾಗಾಗಿ ಇಲ್ಲಿನವರಿಗೆ ‘ಹಸಿ’ ಎಂದ ಕೂಡಲೇ ನೆನಪಾಗುವುದು ‘ಒಣ’. ‘ಬೆಂದ’ ಅಲ್ಲ.

ಗಮನಿಸಿದರೆ ಈ ಪದವೇ ಹಾಗಿದೆ. ಹಸಿ ಶುಂಠಿಗೆ ಎದುರು ಒಣ ಶುಂಠಿ. ಹಸಿ ಹಾಲಿಗೆ ಎದುರು ಕಾಯಿಸಿದ ಹಾಲು. ಹಸಿ ಗೋಡೆ ಅಂದರೆ ಬರೀ ಒದ್ದೆ. ಹಳೆಗನ್ನಡದ ‘ಪಸಿ’ ಇದು, ಹಸಿರಿನ ನಂಟು. ಎದುರಿಗೆ ಯಾವ ಪದ ಇದೆ ಎಂಬುದರ ಮೇಲೆ ಅರ್ಥ ತಿರುಗುತ್ತದೆ. ಅಡುಗೆಮನೆಯಲ್ಲಿ ಇದರಿಂದ ತೊಂದರೆ ಇಲ್ಲ. ಕಾಯಿಲೆಯ ಎಚ್ಚರಿಕೆಯಲ್ಲಿ ಇದೆ ಅಲ್ವಾ?

‘ಬೇಯಿಸದ ಮೀನು’ ಎಂದು ತಿದ್ದಿದೆ. ಆದರೂ ಒಂದು ಎಡವಟ್ಟು ಉಳಿಯಿತು. ಅಲ್ಲಿನ ಕೋಯ್ ಪ್ಲಾ ಎಂಬ ತಿನಿಸಿನಲ್ಲಿ ಮೀನನ್ನು ಸಣ್ಣಗೆ ಕೊಚ್ಚಿ, ನಿಂಬೆರಸ, ಮೆಣಸು ಕಲಸುತ್ತಾರೆ. ನಿಂಬೆಯ ಹುಳಿಗೆ ಮಾಂಸ ಬೆಳ್ಳಗಾಗಿ ಬೆಂದ ಹಾಗೇ ಕಾಣುತ್ತದೆ. ಒಳಗಿನ ಮರಿಹುಳು ಸಾಯುವುದಿಲ್ಲ. ನಾನು ‘ಹುಳಿ ಖಾರ ಹಾಕಿದ ಮೀನು’ ಎಂದು ಬರೆದಿದ್ದೆ. ಮಂಗಳೂರಿನವರು ಅದನ್ನು ಓದಿದರೆ ಕುದಿಯುವ ಪುಳಿಮುಂಚಿ ಸಾರನ್ನೇ ನೆನೆಯುತ್ತಾರೆ. ಹುಳಿಯಲ್ಲಿ ನೆನೆದು ಬಣ್ಣ ತಿರುಗಿದ, ಆದರೆ ಬೆಂಕಿ ಕಾಣದ ಮಾಂಸಕ್ಕೆ ನಿಮ್ಮ ಊರಲ್ಲಿ ಪದ ಇದೆಯೇ?

ಇನ್ನು ಹುಳುವಿನ ಹೆಸರು. ‘ಯಕೃತ್ತಿನ ಹುಳು’ ಅಂದರೆ ಅಕ್ಕನಿಗೆ ಗೊತ್ತಾಗುವುದಿಲ್ಲ, ‘ಲಿವರ್’ ಅಂದರೆ ಗೊತ್ತಾಗುತ್ತದೆ. ಆದರೆ ಅದು ಮನೆ ಮಾಡುವುದು ಲಿವರಿನ ಪಿತ್ತನಾಳಗಳಲ್ಲಿ. ಅಲ್ಲಿ ವರ್ಷಗಟ್ಟಲೆ ಬದುಕುತ್ತದೆ. ಕೆಲವರಿಗೆ ಅದೇ ಜಾಗದಲ್ಲಿ ಕ್ಯಾನ್ಸರ್ ಆಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಥಾಯ್ಲೆಂಡಿನ ಈ ಹುಳುವನ್ನು 1994ರಲ್ಲೇ ಕ್ಯಾನ್ಸರ್ ತರುವವುಗಳ ಪಟ್ಟಿಗೆ ಸೇರಿಸಿದೆ. ಇದರ ಚೀನಾ ಕಡೆಯ ನಂಟ ಹುಳು ಮೊದಲು ಸಿಕ್ಕಿದ್ದು ನಮ್ಮ ಕಲ್ಕತ್ತಾದಲ್ಲಿ, ಒಬ್ಬ ಚೀನೀ ಬಡಗಿಯ ಶವಪರೀಕ್ಷೆಯಲ್ಲಿ. ಮೆಕಾನೆಲ್ ಎಂಬ ವೈದ್ಯರು ಅದರ ಬಗ್ಗೆ 1875ರಲ್ಲಿ ಬರೆದರು.

ಇಂಗ್ಲಿಷಿನ ‘ಫ್ಲೂಕ್’ ಮೊದಲು ಒಂದು ಚಪ್ಪಟೆ ಮೀನಿನ ಹೆಸರು. ಹುಳು ಆ ಮೀನಿನ ಆಕಾರದಲ್ಲಿದೆ ಎಂದು ಹೆಸರು ಅಂಟಿತು. ‘ಅದೃಷ್ಟ’ ಎಂಬ ಅರ್ಥದ ಫ್ಲೂಕ್ ಬೇರೆ ಪದ. ಚಪ್ಪಟೆ ಮೀನು ನಮಗೇನು ಹೊಸದೇ? ನಂಗು ಇದೆಯಲ್ಲ! ಎಲೆಯ ಹಾಗೆ ತೆಳ್ಳಗೆ, ನೆಲಕ್ಕೆ ಒತ್ತಿಕೊಂಡು ಮಲಗುವ ಮೀನು. ‘ನಂಗುಹುಳು’ ಎಂದರೆ ಕರಾವಳಿಯಲ್ಲಿ ಚಿತ್ರ ಥಟ್ಟನೆ ಮೂಡುತ್ತದೆ. ನನಗೆ ಬಹಳ ಇಷ್ಟವಾಯಿತು. ಆದರೆ ಪುಟಕ್ಕೆ ಹಾಕಲು ಮನಸ್ಸು ಬರಲಿಲ್ಲ. ನಂಗು ಕಡಲ ಮೀನು, ಅದರಿಂದ ಈ ಕಾಯಿಲೆ ಬರುವುದಿಲ್ಲ. ಈ ಹುಳು ಬೆಳೆಯುವುದು ಸಿಹಿನೀರಿನ ಬಸವನಹುಳುವಿನಲ್ಲಿ, ಆಮೇಲೆ ಗೆಂಡೆಯ ಜಾತಿಯ ಮೀನುಗಳಲ್ಲಿ. ಹೆಸರಿನಿಂದಾಗಿ ಸುಮ್ನೆ ಯಾರೋ ನಂಗು ತಿನ್ನುವುದು ಬಿಟ್ಟರೆ? ಸದ್ಯಕ್ಕೆ ‘ಪಿತ್ತನಾಳದ ಚಪ್ಪಟೆಹುಳು’ ಎಂದು ಬರೆದಿದ್ದೇನೆ. ಉದ್ದ ಜಾಸ್ತಿ, ತಪ್ಪಿಲ್ಲ.

ಕುಂದಾಪುರ, ಕಾರವಾರದ ಕಡೆಯವರು ‘ಹಸಿ ಮೀನು’ ಅಂದರೆ ಏನು ತಿಳಿಯುತ್ತಾರೆ? ಮಲೆನಾಡಿನ ಹೊಳೆದಂಡೆಯವರು? ಅರ್ಧಂಬರ್ಧ ಬೆಂದ ಮೀನಿಗೂ ಒಂದು ಪದ ಬೇಕು. ಹುಡುಗ ಮುಂದಿನ ವಾರ ಹೊರಡುತ್ತಾನೆ. ಅಷ್ಟರಲ್ಲಿ ಪುಟ ತಿದ್ದಿ ಕೊಡಬೇಕು.