ಬಸುರಿ ತಂಗಿಗೆ ಗರ್ಭಕೋಶದ ಬಾಯಿ ಕ್ಯಾನ್ಸರ್: ರೋಬೋಟ್ ಆಪರೇಷನ್ ಮಾಡಿಸಬೇಕಾ?

ಪ್ರಶ್ನೆ (ಬೈಲಹೊಂಗಲದ ಒಬ್ಬ ಅಕ್ಕ):
ನಮಸ್ಕಾರ ಡಾಕ್ಟ್ರೇ. ನನ್ನ ತಂಗಿಗೆ 28 ವರ್ಷ. ಚೊಚ್ಚಲ ಬಸಿರು, ಈಗ 17 ವಾರ. ಆಗಾಗ ರಕ್ತ ಹೋಗುತ್ತಿತ್ತು. ಊರಲ್ಲಿ ಮೂರು ಸಲ ತೋರಿಸಿದೆವು. ಮೂರು ಸಲವೂ ಸ್ಕ್ಯಾನ್ ನೋಡಿ "ಮಗು ಚೆನ್ನಾಗಿದೆ, ಮಲಗಿರಲಿ" ಎಂದು ಮಾತ್ರೆ ಕೊಟ್ಟು ಕಳಿಸಿದರು. ಒಳಗೆ ಯಾರೂ ನೋಡಲೇ ಇಲ್ಲ. ಕೊನೆಗೆ ಬೆಳಗಾವಿಯಲ್ಲಿ ಒಬ್ಬ ಮೇಡಂ ಲೈಟ್ ಹಾಕಿ ನೋಡಿ, ಚೂರು ತೆಗೆದು ಬಯಾಪ್ಸಿಗೆ ಕಳಿಸಿದರು. ಕ್ಯಾನ್ಸರ್ ಅಂತ ಬಂತು. ಗಂಟು ಒಂದೂವರೆ ಸೆಂಟಿಮೀಟರ್. ಪುಣೆಯ ಭಾವ, ರೋಬೋಟ್ ಆಪರೇಷನ್ ಮಾಡಿಸಿದರೆ ಇಬ್ಬರೂ ಉಳಿಯುತ್ತಾರೆ ಅಂತಾರೆ. ತಂಗಿಯ ಅತ್ತೆ, ಮಗು ತೆಗೆಸಿಬಿಡಿ ಅಂತಾರೆ. ಏನು ಮಾಡೋಣ?

ಉತ್ತರ (ಸ್ತ್ರೀ ಕ್ಯಾನ್ಸರ್ ಸರ್ಜನ್):
ಅಕ್ಕಾ, ಇವತ್ತು ರಾತ್ರಿಯೇ ಏನೂ ತೀರ್ಮಾನಿಸಬೇಡಿ. ಆದರೆ ಈ ವಾರ ಕೈಚೆಲ್ಲಿ ಕೂರಲೂಬೇಡಿ.

ರೋಬೋಟ್ ತಾನಾಗಿ ಆಪರೇಷನ್ ಮಾಡುವುದಿಲ್ಲ. ಸರ್ಜನ್ ಪಕ್ಕದಲ್ಲಿ ಕೂತು ಅದರ ಕೈಗಳನ್ನು ಆಡಿಸುತ್ತಾರೆ. ಗಾಯ ಚಿಕ್ಕದು, ಬೇಗ ಮಾಯುತ್ತದೆ, ಅದು ನಿಜ. ಆದರೆ ಈ ಕ್ಯಾನ್ಸರಿಗೆ ಗರ್ಭಕೋಶ ತೆಗೆಯುವಾಗ ಯಾವ ದಾರಿ ಒಳ್ಳೆಯದು ಅಂತ 600ಕ್ಕೂ ಜಾಸ್ತಿ ಹೆಂಗಸರಲ್ಲಿ ಹೋಲಿಸಿ ನೋಡಿದ್ದಾರೆ. 2018ರಲ್ಲಿ ಫಲಿತಾಂಶ ಬಂತು. ನಾಲ್ಕೂವರೆ ವರ್ಷದ ಹೊತ್ತಿಗೆ ರೋಗ ಮರಳದೆ ಇದ್ದವರು, ಹೊಟ್ಟೆ ತೆರೆದು ಮಾಡಿದವರಲ್ಲಿ ನೂರಕ್ಕೆ ಸುಮಾರು 96. ಲ್ಯಾಪ್ರೊಸ್ಕೋಪಿ (ಚಿಕ್ಕ ತೂತುಗಳಲ್ಲಿ ಕ್ಯಾಮೆರಾ ಹಾಕಿ ಮಾಡುವುದು), ರೋಬೋಟ್‌ನಲ್ಲಿ 86. ಹಾಗಾಗಿ ನಾನು ಹೊಟ್ಟೆ ತೆರೆದೇ ಮಾಡುತ್ತೇನೆ. ತಂಗಿಗಂತೂ ಸಿಸೇರಿಯನ್ನೇ ಆಗಬೇಕು, ನಾರ್ಮಲ್ ಹೆರಿಗೆಯಲ್ಲಿ ಗಂಟು ಹರಿದು ರಕ್ತ ಹೋಗಬಹುದು. ಗರ್ಭಕೋಶ ತೆಗೆಯಬೇಕಾಗಿ ಬಂದರೆ ಅದೇ ಗಾಯದಲ್ಲೇ ತೆಗೆಯುತ್ತೇವೆ.

ಈಗ ಬೇಕಿರುವುದು ಎಂಆರ್‌ಐ, ಬಣ್ಣದ ಇಂಜೆಕ್ಷನ್ ಇಲ್ಲದೆ. ಆಮೇಲೆ ಕಿಬ್ಬೊಟ್ಟೆಯ ಲಿಂಫ್ ಗ್ರಂಥಿಗಳಿಗೆ ರೋಗ ಹರಡಿದೆಯಾ ನೋಡಬೇಕು. ಅದನ್ನು 22 ವಾರದೊಳಗೆ ಮಾಡಬೇಕು, ಗರ್ಭ ದೊಡ್ಡದಾದರೆ ಜಾಗ ಸಿಗಲ್ಲ. ಇದಕ್ಕೆ ಲ್ಯಾಪ್ರೊಸ್ಕೋಪಿ ಸಾಕು. ಗ್ರಂಥಿಯಲ್ಲಿ ರೋಗ ಇಲ್ಲದಿದ್ದರೆ ಮಗುವನ್ನು ಉಳಿಸಿಕೊಳ್ಳುವ ದಾರಿ ಇದೆ. ಗಂಟಿರುವ ಭಾಗವನ್ನಷ್ಟೇ ತೆಗೆಯಬಹುದು, ಇಲ್ಲವೇ ಕೀಮೋ ಕೊಟ್ಟು ಮಗು ಬಲಿಯುವವರೆಗೆ ಕಾಯಬಹುದು. ಗ್ರಂಥಿಗೆ ಹರಡಿದ್ದರೆ ಅತ್ತೆಯವರ ಮಾತನ್ನೂ ಯೋಚಿಸಬೇಕಾಗುತ್ತದೆ, ಯಾಕೆಂದರೆ ಮಗು ಹೊಟ್ಟೆಯಲ್ಲಿರುವಾಗ ಕರೆಂಟ್ (ರೇಡಿಯೇಷನ್) ಕೊಡುವಂತಿಲ್ಲ. ಆದರೆ ಇಷ್ಟು ಮಾತಿನ ನಡುವೆ ತಂಗಿ ಏನಂತಾಳೆ ಅಂತ ನೀವು ಬರೆದಿಲ್ಲ. ಅವಳನ್ನು ಒಬ್ಬಳನ್ನೇ ಕೂರಿಸಿಕೊಂಡು ಕೇಳಿ.

ಅಕ್ಕ: ಕೇಳಿದೆ ಡಾಕ್ಟ್ರೇ. ಮಗು ಬೇಕು ಅಂತ ಅತ್ತಳು. ಕೀಮೋ ಕೊಟ್ಟರೆ ಅದಕ್ಕೆ ಏನೂ ಆಗಲ್ವಾ?

ಉತ್ತರ: ಮೊದಲ ಮೂರು ತಿಂಗಳು ಕೊಡುವುದಿಲ್ಲ, ಆಗ ಅಂಗಾಂಗ ಮೂಡುತ್ತಿರುತ್ತವೆ. ಆ ಹಂತ ದಾಟಿದೆ. ತೂಕ ಸ್ವಲ್ಪ ಕಡಿಮೆಯಾಗಬಹುದು, ಅವಧಿಗೆ ಮುಂಚೆ ಹೆರಿಗೆ ಮಾಡಿಸಬೇಕಾಗಬಹುದು. ಕೊನೆಯ ಕೀಮೋ ಆಗಿ ಮೂರು ವಾರ ಬಿಟ್ಟು ಹೆರಿಗೆ ಮಾಡಿಸುತ್ತೇವೆ, ಇಬ್ಬರ ರಕ್ತಕಣಗಳೂ ಸುಧಾರಿಸಬೇಕಲ್ಲ. ಅದಕ್ಕೇ ಕ್ಯಾನ್ಸರ್ ಸರ್ಜನ್, ಹೆರಿಗೆ ಡಾಕ್ಟರ್, ಎಳೆಕೂಸುಗಳ ಐಸಿಯು ಮೂರೂ ಒಂದೇ ಕಡೆ ಇರುವ ಆಸ್ಪತ್ರೆ ಆರಿಸಿ. ರೋಬೋಟ್ ಇದೆಯಾ ಅಂತ ಕೇಳಬೇಡಿ, ಇದನ್ನು ಕೇಳಿ.

ಬಾಗಲಕೋಟೆಯಿಂದ ಇನ್ನೊಬ್ಬರು: ಸರ್, ನನಗೂ ಐದನೇ ತಿಂಗಳಲ್ಲಿ ರಕ್ತ ಹೋಗ್ತಿದೆ. ಲೈಟ್ ಹಾಕಿ ನೋಡಿದರೆ ಗರ್ಭ ಇಳಿಯುತ್ತೆ ಅಂತಾರೆ, ನಿಜಾನಾ?

ಉತ್ತರ: ಇಲ್ಲಮ್ಮಾ. ಮಾಸು ಎಲ್ಲಿದೆ ಅಂತ ಸ್ಕ್ಯಾನಿನಲ್ಲಿ ನೋಡಿಕೊಂಡು, ಆಮೇಲೆ ಹುಷಾರಾಗಿ ಲೈಟ್ ಹಾಕಿ ನೋಡಿದರೆ ಗರ್ಭ ಇಳಿಯುವುದಿಲ್ಲ. ಹೆಚ್ಚಿನವರಲ್ಲಿ ಕಾರಣ ಕ್ಯಾನ್ಸರ್ ಅಲ್ಲ. ಆದರೂ ನೋಡಿಯೇ ಹೇಳಬೇಕು. ನಾಳೆಯೇ ಹೋಗಿ.

ಅಕ್ಕ: ಸೋಮವಾರ ಹೊರಡುತ್ತೇವೆ ಡಾಕ್ಟ್ರೇ. ಸ್ಕ್ಯಾನ್ ಫೈಲ್ ಸಾಕಾ?

ಉತ್ತರ: ಬಯಾಪ್ಸಿಯ ಗಾಜಿನ ಸ್ಲೈಡು, ಮೇಣದ ಬ್ಲಾಕು ಎರಡನ್ನೂ ಲ್ಯಾಬಿನಲ್ಲಿ ಕೇಳಿ ತಗೊಂಡು ಹೋಗಿ. ಇಲ್ಲದಿದ್ದರೆ ಅದಕ್ಕೇ ಮತ್ತೆ ಒಂದು ವಾರ ಹೋಗುತ್ತದೆ.