ಹತ್ತು ಆಯಾಮಗಳಿಗೆ ಯಾರ ಸಹಿ?

ಎಲ್ಲ ಕಣಗಳೂ ಕಂಪಿಸುವ ಅತಿಸೂಕ್ಷ್ಮ ಎಳೆಗಳೇ ಎನ್ನುವ ತಂತು ಸಿದ್ಧಾಂತದ ಪ್ರಕಾರ ಜಗತ್ತಿಗೆ ಕಾಲವೂ ಸೇರಿ ಹತ್ತು ಆಯಾಮಗಳಿರಬೇಕೆಂದು ನಮ್ಮ ಭೌತಶಾಸ್ತ್ರದ ಮೇಷ್ಟ್ರು ಹೇಳಿದ್ದೇ ತಡ, ಕಂಟ್ರಾಕ್ಟರ ಹುಬ್ಬು ಮೇಲೇರಿತು. "ಎತ್ತರವೆಂಬ ಮೂರನೆಯ ಆಯಾಮದಲ್ಲಿ ಇನ್ನೊಂದು ಮಹಡಿ ಎಬ್ಬಿಸುವುದಕ್ಕೇ ಪ್ಲಾನು ಮಂಜೂರಾಗುವುದಿಲ್ಲ, ಮಿಕ್ಕ ಆಯಾಮಗಳಿಗೆಲ್ಲ ಯಾರ ಸಹಿ ಹಾಕಿಸುತ್ತೀರಿ, ಮೇಷ್ಟ್ರೇ?" ಎಂದರು.

ಸಹಿಯ ತಾಪತ್ರಯ ಹೊಸದೇನಲ್ಲವೆಂದು ಮೇಷ್ಟ್ರು ಜರ್ಮನಿಯ ಗಣಿತಜ್ಞ ಥಿಯೋಡರ್ ಕಲೂಜಾರ ಕಥೆ ತೆಗೆದರು. ಐನ್‌ಸ್ಟೈನರ ಗುರುತ್ವ ಸಮೀಕರಣಗಳನ್ನು ಕಾಲವೂ ಸೇರಿದ ನಾಲ್ಕರ ಬದಲು ಐದು ಆಯಾಮಗಳಲ್ಲಿ ಬರೆದರೆ ಮ್ಯಾಕ್ಸ್‌ವೆಲ್ಲರ ವಿದ್ಯುತ್ಕಾಂತ ಸಮೀಕರಣಗಳೂ ಅದರೊಳಗಿಂದಲೇ ಹೊರಡುತ್ತವೆಂದು ತೋರಿಸಿದ ಕಲೂಜಾ, 1919ರಲ್ಲಿ ಪ್ರಬಂಧವನ್ನು ಐನ್‌ಸ್ಟೈನರಿಗೇ ಕಳುಹಿಸಿದರು. ಅವರು ಮೊದಲು ಮೆಚ್ಚಿ, ಆಮೇಲೆ ಅನುಮಾನಿಸಿ, ಅಂತೂ ಅದು ಅಚ್ಚಾಗುವ ಹೊತ್ತಿಗೆ 1921 ಬಂದಿತ್ತು.

"ಐನ್‌ಸ್ಟೈನರ ಮೇಜಿನ ಮೇಲೂ ಫೈಲು ಎರಡು ವರ್ಷ ಕೂತಿತ್ತೇ? ಹಾಗಾದರೆ ಅವರು ನಮ್ಮವರೇ ಬಿಡಿ" ಎಂದ ಕಂಟ್ರಾಕ್ಟರು ಆ ಕ್ಷಣವೇ ಸಾಪೇಕ್ಷತಾ ಸಿದ್ಧಾಂತವನ್ನು ಒಪ್ಪಿಕೊಂಡರು.

ವಕೀಲರು ಅಷ್ಟು ಸುಲಭಕ್ಕೆ ಬಗ್ಗುವವರಲ್ಲ. ಐದನೆಯ ಆಯಾಮವಿದ್ದರೆ ಕಣ್ಣಿಗೇಕೆ ಕಾಣದೆಂದು ಪಾಟೀಸವಾಲಿಗೆ ನಿಂತರು. ಅದು ಪರಮಾಣುವಿನ ಬೀಜಕ್ಕಿಂತಲೂ ಎಷ್ಟೋ ಪಾಲು ಚಿಕ್ಕ ವೃತ್ತವಾಗಿ ಸುತ್ತಿಕೊಂಡಿದೆಯೆಂದು 1926ರಲ್ಲಿ ಆಸ್ಕರ್ ಕ್ಲೈನ್ ಸೂಚಿಸಿದರೆಂಬ ಉತ್ತರ ಬಂತು. "ನನ್ನ ಸಾಕ್ಷಿ ಇಲ್ಲೇ ನಿಂತಿದ್ದಾನೆ, ಕಾಣದಷ್ಟು ಚಿಕ್ಕವನು ಎಂದರೆ ಯಾವ ನ್ಯಾಯಾಧೀಶರು ಒಪ್ಪುತ್ತಾರೆ?" ಎಂದು ವಕೀಲರು ಕೇಳಿದ್ದು ನನಗಂತೂ ನ್ಯಾಯವಾಗಿಯೇ ಕಂಡಿತು, ಇಂದಿಗೂ ಯಾವ ಪ್ರಯೋಗಕ್ಕೂ ಆ ಸಾಕ್ಷಿ ಸಿಕ್ಕಿಲ್ಲ.

ಮೇಷ್ಟ್ರು ಸೋಲಲಿಲ್ಲ. ಉದ್ದ, ಅಗಲ, ಎತ್ತರಗಳಷ್ಟೇ ವಿಶಾಲವಾದ ನಾಲ್ಕನೆಯ ದಿಕ್ಕೊಂದು ಇದ್ದಿದ್ದರೆ ನಾವು ಇಲ್ಲಿ ಕೂತು ಹರಟುತ್ತಲೇ ಇರಲಿಲ್ಲವೆಂದರು. ಆಗ ಗುರುತ್ವವು ದೂರದ ವರ್ಗದ ಬದಲು ಘನಕ್ಕೆ ತಕ್ಕಂತೆ ಕುಗ್ಗುತ್ತಿತ್ತು. ಭೂಮಿಗೆ ಸ್ವಲ್ಪ ತಳ್ಳು ಬಿದ್ದರೂ ಅದು ಸೂರ್ಯನೊಳಗೆ ಬೀಳುತ್ತಿತ್ತು, ಇಲ್ಲವೇ ದೂರ ಹೊರಟೇ ಹೋಗುತ್ತಿತ್ತೆಂದು 1917ರಲ್ಲಿ ಪಾಲ್ ಎರೆನ್‌ಫೆಸ್ಟ್ ಲೆಕ್ಕ ಹಾಕಿದ್ದರು.

"ಅಂದರೆ ಮೂರಕ್ಕಿಂತ ಹೆಚ್ಚು ಬೇಡ. ಕಡಿಮೆಯಾದರೆ?" ಎಂದರು ಕಂಟ್ರಾಕ್ಟರು.

ಮೇಷ್ಟ್ರು ಇದಕ್ಕೇ ಕಾದಿದ್ದಂತೆ ಕಪ್ಪುಕುಳಿಗೆ ಇಳಿದರು. 1970ರ ದಶಕದಲ್ಲಿ ಬೆಕೆನ್‌ಸ್ಟೈನ್ ಮತ್ತು ಹಾಕಿಂಗ್ ಕಂಡುಕೊಂಡಂತೆ ಕಪ್ಪುಕುಳಿಯ ಎಂಟ್ರೊಪಿ, ಅಂದರೆ ಅದರೊಳಗೆ ಎಷ್ಟು ಮಾಹಿತಿ ಅಡಗಿದೆಯೆಂಬ ಅಳತೆ, ಅದರ ಘನಗಾತ್ರವನ್ನಲ್ಲ, ಮೇಲ್ಮೈಯ ವಿಸ್ತೀರ್ಣವನ್ನು ಅವಲಂಬಿಸಿದೆ. ಇದನ್ನೇ ಹಿಡಿದು 1993ರಲ್ಲಿ ಗೆರಾರ್ಡ್ ಟ್ ಹೋಫ್ಟ್, ಒಂದು ಜಾಗದೊಳಗಿನದೆಲ್ಲವನ್ನೂ ಅದರ ಎಲ್ಲೆಯಾದ ಎರಡು ಆಯಾಮಗಳ ಮೇಲ್ಮೈಯಲ್ಲೇ ಬರೆದಿಡಬಹುದೆಂಬ ವಿಚಾರವನ್ನು ಮುಂದಿಟ್ಟರು.

ಕಂಟ್ರಾಕ್ಟರು ಎದ್ದೇ ನಿಂತರು. "ನಾವು ಚದರಡಿಯಲ್ಲಿ ಮಾರಿದರೆ ವ್ಯಾಪಾರ, ಅವರು ಮಾರಿದರೆ ಸಿದ್ಧಾಂತವೇ?"

"ಎಂಟ್ರೊಪಿಯೆಂದರೆ ಪೂರ್ತಿ ವಿಸ್ತೀರ್ಣವಲ್ಲ, ಪ್ಲಾಂಕ್ ಮಾನವೆಂಬ ಅತಿಸೂಕ್ಷ್ಮ ಅಳತೆಯಲ್ಲಿ ಅದರ ಕಾಲು ಭಾಗ ಮಾತ್ರ" ಎಂದು ಮೇಷ್ಟ್ರು ತಿದ್ದಿದರು.

"ಸೂಪರ್ ಬಿಲ್ಟಪ್ ತೋರಿಸಿ ಕಾರ್ಪೆಟ್ ಏರಿಯಾ ಕೊಡುವ ಪದ್ಧತಿ ಅಲ್ಲಿಯೂ ಇದೆಯೆನ್ನಿ!"

ಜಾಗದ ವ್ಯಾಜ್ಯ ಹೀಗೆ ರಾಜಿಯಾದ ಮೇಲೆ ವಕೀಲರು ಕಾಲದ ವಿಚಾರವೆತ್ತಿದರು. ಇಡೀ ವಿಶ್ವಕ್ಕೆ ಕ್ವಾಂಟಮ್ ನಿಯಮ ಹೊಂದಿಸಲು 1967ರಲ್ಲಿ ಪ್ರಕಟವಾದ ವೀಲರ್-ಡಿವಿಟ್ ಸಮೀಕರಣದಲ್ಲಿ ಕಾಲವೆಂಬ ಅಂಶವೇ ಇಲ್ಲವೆಂದು ಮೇಷ್ಟ್ರು ತಗ್ಗಿದ ದನಿಯಲ್ಲಿ ಒಪ್ಪಿಕೊಂಡರು.

"ಕಾಲವೇ ಇಲ್ಲದಿದ್ದರೆ ನಾನು ವಾಯಿದೆ ಕೇಳುವುದು ಹೇಗೆ?" ಎಂದು ವಕೀಲರು ಗಾಬರಿಯಾದರು.

"ಚಿಂತಿಸಬೇಡಿ. ಆ ಪ್ರಶ್ನೆಗೆ ಉತ್ತರ ಕೊಡಲು ಭೌತಶಾಸ್ತ್ರಜ್ಞರು ಅಂದಿನಿಂದಲೂ ವಾಯಿದೆಯನ್ನೇ ಕೇಳುತ್ತಿದ್ದಾರೆ."